ಕೊಲ್ಲಾಪುರದಲ್ಲಿ ಕಲಿತು ಕೊಲ್ಲಿಯನ್ನಾಳಿದವರು

ಹತ್ತೊಂಬತ್ತನೇ ಶತಮಾನದ ಕೊನೆಗೆ ಗೋಕಾಕದ ರೈತನೊಬ್ಬ ಹೊಲದ ಬದುವಿನ ತಂಟೆಗೆ ಬೆಳಗಾವಿಯ ಜಿಲ್ಲಾ ಕೋರ್ಟು ಹತ್ತಿ ಸೋತರೆ, ಅವನಿಗೆ ಮುಂದೆ ಉಳಿಯುತ್ತಿದ್ದದ್ದು ಮುಂಬಯಿ ಹೈಕೋರ್ಟಿನ ಬಾಗಿಲು. ಅದೇ ಕಾಲಕ್ಕೆ ಪೂರ್ವ ಆಫ್ರಿಕಾದ ಝಾಂಜಿಬಾರ್ ದ್ವೀಪದಲ್ಲಿ ಕಛ್ ಮೂಲದ ಲವಂಗದ ವ್ಯಾಪಾರಿ ಅಲ್ಲಿನ ಬ್ರಿಟಿಷ್ ಕಾನ್ಸಲ್‌ನ ಕೋರ್ಟಿನಲ್ಲಿ ಸೋತರೆ, ಅವನ ಮೇಲ್ಮನವಿಯೂ ಹಡಗು ಹತ್ತಿ ಬರುತ್ತಿದ್ದದ್ದು ಮುಂಬಯಿಗೇ. ಕೆಂಪು ಸಮುದ್ರದ ಬಾಯಲ್ಲಿರುವ ಏಡನ್ ಬಂದರು 1839ರಿಂದ 1932ರವರೆಗೆ ಮುಂಬಯಿ ಸರಕಾರದ ಕೈಕೆಳಗಿತ್ತು. ಪರ್ಷಿಯನ್ ಕೊಲ್ಲಿಯ ದಂಡೆಯ ಬುಶೇರ್ ರೆಸಿಡೆನ್ಸಿ, ಅಂದರೆ ಬ್ರಿಟಿಷ್ ಪ್ರತಿನಿಧಿಯ ಕಚೇರಿ, 1873ರವರೆಗೂ ಮುಂಬಯಿಗೇ ವರದಿ ಒಪ್ಪಿಸುತ್ತಿತ್ತು. ಗೋಕಾಕ, ಹುಕ್ಕೇರಿಗಳಿಗೂ ಮಸ್ಕತ್, ಬುಶೇರ್‌ಗಳಿಗೂ ಎಂಥ ನಂಟು ಎಂದು ಕೇಳುವವರು ಈ ನಕ್ಷೆಯನ್ನು ಮೊದಲು ಕಣ್ಣ ಮುಂದೆ ಇಟ್ಟುಕೊಳ್ಳಬೇಕು. ಎಲ್ಲವೂ ಒಂದೇ ಇಲಾಖೆ, ಒಂದೇ ದಫ್ತರದ ಕವಲುಗಳು.

ಭಾರತದ ವಿದೇಶಾಂಗ ನೀತಿಯ ಕತೆಯನ್ನು ನಾವು ಸಾಮಾನ್ಯವಾಗಿ 1947ರಿಂದ, ದೆಹಲಿಯಿಂದ ಶುರು ಮಾಡುತ್ತೇವೆ. ಅದಕ್ಕೂ ಮುಂಚೆ ನೂರಕ್ಕೂ ಹೆಚ್ಚು ವರ್ಷ ಭಾರತದ ಹಣದಲ್ಲಿ, ಭಾರತದ ಗುಮಾಸ್ತರ ಕೈಬರಹದಲ್ಲಿ, ಭಾರತದ ಸಿಪಾಯಿಗಳ ಕಾವಲಿನಲ್ಲಿ ಸಮುದ್ರದಾಚೆ ರಾಯಭಾರ ಕಚೇರಿಗಳು ನಡೆಯುತ್ತಿದ್ದವು. ಅಲ್ಲಿ ಕುರ್ಚಿಯ ಮೇಲೆ ಕೂರುವವರು ಕೆಲಸ ಕಲಿಯುತ್ತಿದ್ದದ್ದು ಭಾರತದ ಸಂಸ್ಥಾನಗಳ ನಡುವೆ. ಅಂಥ ಒಂದು ಪಾಠಶಾಲೆ ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿಗಳ ಬೇಲಿಗೆ ಹೊಂದಿಕೊಂಡೇ ಇತ್ತು. ಅದರ ಹೆಸರು ಕೊಲ್ಲಾಪುರ ಮತ್ತು ದಕ್ಷಿಣ ಮರಾಠಾ ಸೀಮೆಯ ಪೊಲಿಟಿಕಲ್ ಏಜೆನ್ಸಿ, ಅಂದರೆ ಸಂಸ್ಥಾನಗಳ ಜೊತೆ ಬ್ರಿಟಿಷ್ ಸರಕಾರದ ವ್ಯವಹಾರ ನೋಡುವ ಕಚೇರಿ.

ಊರು ದಾಟಿದರೆ ಬೇರೆ ರಾಜ್ಯ

ನೂರಿಪ್ಪತ್ತು ವರ್ಷಗಳ ಹಿಂದೆ ಹುಕ್ಕೇರಿಯಿಂದ ಸಂಕೇಶ್ವರ ದಾಟಿ ಗಡಹಿಂಗ್ಲಜಕ್ಕೆ ಹೋದರೆ ಕೊಲ್ಲಾಪುರದ ಮಹಾರಾಜರ ರಾಜ್ಯ. ಮೂಡಲಗಿಯಿಂದ ಉತ್ತರಕ್ಕೆ ರಾಯಬಾಗ, ಅದೂ ಕೊಲ್ಲಾಪುರದ್ದೇ. ಪೂರ್ವಕ್ಕೆ ಮಹಾಲಿಂಗಪುರ, ಅದು ಮುಧೋಳದ ಘೋರ್ಪಡೆಯವರದು. ಇನ್ನಷ್ಟು ಮುಂದೆ ತೇರದಾಳ, ರಬಕವಿಗಳು ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದವು. ರಬಕವಿಗೆ ಗೋಡೆಗೆ ಗೋಡೆ ಹಚ್ಚಿದ ಬನಹಟ್ಟಿ ಮಾತ್ರ ಜಮಖಂಡಿಯದು. ದಕ್ಷಿಣದಲ್ಲಿ ರಾಮದುರ್ಗದ ಭಾವೆಯವರು. ಇವುಗಳ ನಡುವೆ ಗೋಕಾಕ ಮತ್ತು ಹುಕ್ಕೇರಿ ನೇರವಾಗಿ ಬ್ರಿಟಿಷರ ಕೈಯಲ್ಲಿದ್ದ ಖಾಲ್ಸಾ ಮುಲುಕು. ಗೋಕಾಕ ಕೂಡ ಮೊದಲು ಪಟವರ್ಧನರ ಕೈಯಲ್ಲಿತ್ತು. ಆ ಮನೆತನದ ಗೋವಿಂದರಾಯರ ವಂಶ ನಿಂತ ಮೇಲೆ 1836ರಲ್ಲಿ ಕಂಪನಿ ಸರಕಾರಕ್ಕೆ ಜಮೆಯಾಯಿತು. ಬೆಳಗಾವಿಯನ್ನು ಧಾರವಾಡದಿಂದ ಬಿಡಿಸಿ ಬೇರೆ ಜಿಲ್ಲೆ ಮಾಡಿದ್ದೂ ಅದೇ ವರ್ಷ. ಮೂಡಲಗಿ ಆಗ ಗೋಕಾಕಕ್ಕೆ ಸೇರಿದ ಊರು. ತನ್ನದೇ ತಾಲ್ಲೂಕು ಆದದ್ದು ಈಚೆಗೆ, 2018ರಲ್ಲಿ.

ಈ ಭಾಗದ ಹಳಬರು ಈಗಲೂ ಊರುಗಳನ್ನು ಎಣಿಸುವಾಗ "ಅದು ಸಂಸ್ಥಾನದ್ದರೀ, ಇದು ಖಾಲ್ಸಾ" ಎಂದು ಸಹಜವಾಗಿ ಅಂದುಬಿಡುತ್ತಾರೆ. ಮಾತಿನ ರೂಢಿಯಾಗಿ ಉಳಿದಿರುವ ಈ ಗಡಿ ಒಂದು ಕಾಲಕ್ಕೆ ಎಷ್ಟು ಗಟ್ಟಿಯಾಗಿತ್ತು ನೋಡಿ: ಮೂಡಲಗಿಯ ಸಂತೆಯಿಂದ ಕದ್ದ ಜೋಡೆತ್ತು ಮಹಾಲಿಂಗಪುರದಲ್ಲಿ ಸಿಕ್ಕಿತು ಎನ್ನಿ. ಗೋಕಾಕದ ಫೌಜದಾರ ಅಲ್ಲಿಗೆ ಹೋಗಿ ಕಳ್ಳನ ಕೈಗೆ ಬೇಡಿ ಹಾಕುವಂತಿರಲಿಲ್ಲ. ಕಾಗದ ಮೇಲಕ್ಕೆ ಹತ್ತಿ ಬೆಳಗಾವಿಯ ಕಲೆಕ್ಟರರಿಗೆ, ಅಲ್ಲಿಂದ ಪೊಲಿಟಿಕಲ್ ಏಜೆಂಟರಿಗೆ, ಅಲ್ಲಿಂದ ಮುಧೋಳ ದರಬಾರಿನ ಕಾರಭಾರಿಗೆ ಇಳಿಯಬೇಕು. ಎರಡು ದೇಶಗಳ ನಡುವೆ ನಡೆಯುವ ವ್ಯವಹಾರದ ರೀತಿಯೇ ಇದು. ಸಂಸ್ಥಾನಗಳು ತಮ್ಮ ವಕೀಲರನ್ನು ಏಜೆನ್ಸಿಯಲ್ಲಿ ಇಡುತ್ತಿದ್ದವು. ಏಜೆನ್ಸಿ ತನ್ನ ಸುದ್ದಿಗಾರರನ್ನು ಸಂಸ್ಥಾನಗಳಲ್ಲಿ ಇಡುತ್ತಿತ್ತು. ದರಬಾರಿನಲ್ಲಿ ಯಾರ ಕುರ್ಚಿ ಎಲ್ಲಿ, ಯಾರು ಎಷ್ಟು ಹೆಜ್ಜೆ ಮುಂದೆ ಬಂದು ಸ್ವಾಗತಿಸಬೇಕು, ಯಾರಿಗೆ ಎಷ್ಟು ತೋಪು ಎಂಬುದಕ್ಕೆಲ್ಲ ಕಟ್ಟಳೆ ಇತ್ತು. ಕೊಲ್ಲಾಪುರದ ಮಹಾರಾಜರಿಗೆ 19 ತೋಪು. ದತ್ತಕ ಒಪ್ಪುವುದು, ಕಾರಭಾರಿಯನ್ನು ನೇಮಿಸುವುದು, ಅಪ್ರಾಪ್ತ ವಯಸ್ಸಿನ ರಾಜನಿಗೆ ಗುರುವನ್ನು ಗೊತ್ತುಮಾಡುವುದು ಎಲ್ಲವೂ ಏಜೆಂಟನ ಮೇಜನ್ನು ಹಾಯ್ದೇ ಹೋಗಬೇಕಿತ್ತು.

ಹತರಾದ ಇಬ್ಬರು ಏಜೆಂಟರು

ಕಿತ್ತೂರಿನ ಕದನವನ್ನು ನಾವು ಚೆನ್ನಮ್ಮನ ಶೌರ್ಯದ ಕತೆಯಾಗಿ ಬಲ್ಲೆವು. ಆದರೆ 1824ರ ಅಕ್ಟೋಬರ್ 23ರಂದು ಕೋಟೆಯ ಮುಂದೆ ಬಿದ್ದ ಸೇಂಟ್ ಜಾನ್ ಥ್ಯಾಕರೆ ಧಾರವಾಡದ ಕಲೆಕ್ಟರ್ ಮಾತ್ರವಲ್ಲ, ಈ ಸೀಮೆಯ ಪೊಲಿಟಿಕಲ್ ಏಜೆಂಟ್ ಕೂಡ ಆಗಿದ್ದ ಎಂಬುದು ಹೆಚ್ಚು ಜನರ ಗಮನಕ್ಕೆ ಬಂದಿಲ್ಲ. ಕಿತ್ತೂರಿನ ದತ್ತಕವನ್ನು ಒಪ್ಪುವುದಿಲ್ಲ ಎಂದು ಹೇಳುವ ಅಧಿಕಾರ ಅವನಿಗೆ ಬಂದದ್ದೇ ಆ ಎರಡನೆಯ ಹುದ್ದೆಯಿಂದ. ಅವನ ಸಹಾಯಕರಾಗಿದ್ದ ಸ್ಟೀವನ್‌ಸನ್ ಮತ್ತು ವಾಲ್ಟರ್ ಎಲಿಯಟ್ ಕಿತ್ತೂರಿನವರ ಸೆರೆಯಾಳಾಗಿ ಡಿಸೆಂಬರ್ ತನಕ ಇದ್ದು ಬಿಡುಗಡೆಯಾದರು. ಈ ಎಲಿಯಟ್ ಮುಂದೆ ಕನ್ನಡ ಶಾಸನಗಳನ್ನು ಶ್ರದ್ಧೆಯಿಂದ ಪ್ರತಿ ಮಾಡಿಸಿದ. ಸೆರೆಯಲ್ಲಿ ಕಿತ್ತೂರಿನ ಜನ ತನ್ನನ್ನು ನಡೆಸಿಕೊಂಡ ಬಗೆ ಅವನಿಗೆ ಈ ನೆಲದ ಮೇಲೆ ಸಿಟ್ಟು ಹುಟ್ಟಿಸಲಿಲ್ಲ ಎಂದು ನಾನು ನಂಬುತ್ತೇನೆ.

ಮೂವತ್ತನಾಲ್ಕು ವರ್ಷಗಳ ಮೇಲೆ ಇನ್ನೊಬ್ಬ ಏಜೆಂಟ್ ಹತನಾದ, ಕಾರಣ ಮತ್ತೆ ದತ್ತಕವೇ. ನರಗುಂದದ ಭಾಸ್ಕರರಾವ್ ಭಾವೆ, ಜನರ ಬಾಯಲ್ಲಿ ಬಾಬಾಸಾಹೇಬ, ಮಗನಿಲ್ಲದೆ ದತ್ತಕಕ್ಕೆ ಅನುಮತಿ ಕೇಳಿದ್ದ. ಸರಕಾರ ಇಲ್ಲವೆಂದಿತು. ಹಂಗಾಮಿ ಪೊಲಿಟಿಕಲ್ ಏಜೆಂಟ್ ಚಾರ್ಲ್ಸ್ ಮ್ಯಾನ್ಸನ್ ಬೆರಳೆಣಿಕೆಯ ಸವಾರರನ್ನು ಕಟ್ಟಿಕೊಂಡು ಸಂಸ್ಥಾನಗಳ ನಡುವೆ ಓಡಾಡುತ್ತಿದ್ದ. 1858ರ ಮೇ 29ರ ರಾತ್ರಿ ರಾಮದುರ್ಗದ ಹತ್ತಿರದ ಸುರೇಬಾನದಲ್ಲಿ ತಂಗಿದ. ಪಲ್ಲಕ್ಕಿಯಲ್ಲಿಯೇ ಮಲಗಿದ್ದ. ನರಗುಂದದ ದಂಡು ಕತ್ತಲಲ್ಲಿ ಬಂದು ಸುತ್ತುವರಿಯಿತು. ಮ್ಯಾನ್ಸನ್ ಪಿಸ್ತೂಲು ಹಾರಿಸಿದ, ಆದರೆ ಉಳಿಯಲಿಲ್ಲ. ಅವನ ತಲೆಯನ್ನು ನರಗುಂದಕ್ಕೆ ಒಯ್ದು ಊರಬಾಗಿಲಿಗೆ ತೂಗುಹಾಕಿದರು. ಕೆಲವೇ ದಿನಗಳಲ್ಲಿ ನರಗುಂದ ಬಿತ್ತು, ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಿದರು. ಅದಕ್ಕೂ ಆರು ತಿಂಗಳ ಹಿಂದೆ, 1857ರ ನವೆಂಬರಿನಲ್ಲಿ, ಮುಧೋಳ ಸಂಸ್ಥಾನದ ಹಲಗಲಿಯಲ್ಲಿ ಬೇಡರು ಆಯುಧ ಒಪ್ಪಿಸುವುದಿಲ್ಲವೆಂದು ಎದ್ದು ನಿಂತು ಊರು ಸಮೇತ ಸುಟ್ಟುಹೋಗಿದ್ದರು.

ಕಿತ್ತೂರು ಮತ್ತು ಸುರೇಬಾನ ಎರಡೂ ಇವತ್ತು ಬೆಳಗಾವಿ ಜಿಲ್ಲೆಯಲ್ಲಿವೆ. ಒಂದೇ ಜಿಲ್ಲೆಯ ನೆಲದಲ್ಲಿ ಇಬ್ಬರು ಪೊಲಿಟಿಕಲ್ ಏಜೆಂಟರು ಕೊಲೆಯಾದದ್ದು ಸಣ್ಣ ಮಾತಲ್ಲ. ಮೇಜಿನ ಮೇಲಿನ ಒಂದು ಸಹಿಯಿಂದ ಒಂದು ಮನೆತನದ ಉಳಿವು ಅಳಿವು ತೀರ್ಮಾನವಾಗುವ ಈ ಆಡಳಿತದ ವಿರುದ್ಧ ಇಲ್ಲಿನ ಜನ ಕೊಟ್ಟ ಉತ್ತರ ಅದು. 1858ರ ನಂತರ ದತ್ತಕದ ವಿಷಯದಲ್ಲಿ ಬ್ರಿಟಿಷರು ತಮ್ಮ ಹಟ ಬಿಟ್ಟರು. ಆ ಬದಲಾವಣೆಗೆ ಝಾನ್ಸಿಯ ಹೆಸರನ್ನು ಹೇಳುವವರು ಕಿತ್ತೂರು, ನರಗುಂದಗಳ ಹೆಸರನ್ನೂ ಹೇಳಬೇಕು.

ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ

ಏಜೆನ್ಸಿಯ ಸಾಹೇಬರು ಒಂದೇ ಕಡೆ ಬೇರು ಬಿಡುತ್ತಿರಲಿಲ್ಲ. 1857ರಲ್ಲಿ ಕೊಲ್ಲಾಪುರದ ದಂಗೆಯನ್ನು ಹತ್ತಿಕ್ಕಿದ ಜಾರ್ಜ್ ಲೆ ಗ್ರಾಂಡ್ ಜೇಕಬ್‌ನನ್ನೇ ತೆಗೆದುಕೊಳ್ಳಿ. ಆ ವರ್ಷದ ಆರಂಭದಲ್ಲಿ ಅವನು ಬ್ರಿಟಿಷ್ ಸೇನಾಪತಿ ಔಟ್ರಮ್‌ನ ಸೈನ್ಯದ ಜೊತೆ ಪರ್ಷಿಯಾದಲ್ಲಿದ್ದ. ಬುಶೇರನ್ನು ಹಿಡಿದ ಯುದ್ಧ ಅದು. ಅಲ್ಲಿಂದ ಮುಂಬಯಿಗೆ ಮರಳುವಷ್ಟರಲ್ಲಿ ಜುಲೈ 31ರ ರಾತ್ರಿ ಕೊಲ್ಲಾಪುರದಲ್ಲಿ 27ನೇ ಮುಂಬಯಿ ಪದಾತಿ ದಳ ಬಂಡೆದ್ದಿತು, ಜೇಕಬ್ ಅತ್ತ ಓಡಿದ. ಕೊಲ್ಲಾಪುರದ ರಾಜರ ತಮ್ಮ ಚಿಮಾಸಾಹೇಬನನ್ನು ಹಿಡಿದು ಕರಾಚಿಗೆ ಗಡೀಪಾರು ಮಾಡಿದರು. ಒಂದೇ ವರ್ಷದಲ್ಲಿ ಒಬ್ಬನೇ ಅಧಿಕಾರಿ ಕೊಲ್ಲಿಯಲ್ಲೂ ಕೊಲ್ಲಾಪುರದ ಪಂಚಗಂಗೆಯ ದಂಡೆಯಲ್ಲೂ ಒಂದೇ ಬಗೆಯ ಕೆಲಸ ಮಾಡಿದ.

ಜಾನ್ ಫೇತ್‌ಫುಲ್ ಫ್ಲೀಟ್ ಹೆಸರನ್ನು ಕನ್ನಡ ಸಂಶೋಧಕರು ಗೌರವದಿಂದ ಹೇಳುತ್ತಾರೆ. ಶಾಸನಗಳನ್ನು ಓದಿ 1882ರಲ್ಲಿ ಕನ್ನಡ ಜಿಲ್ಲೆಗಳ ರಾಜವಂಶಗಳ ಇತಿಹಾಸ ಬರೆದವನು, ಸಂಗೊಳ್ಳಿ ರಾಯಣ್ಣನ ಲಾವಣಿಯನ್ನು ಹಳ್ಳಿಗರ ಬಾಯಿಂದ ಬರೆಸಿಕೊಂಡು ಅಚ್ಚು ಹಾಕಿಸಿದವನು. ಅವನೂ ಇದೇ ಏಜೆನ್ಸಿಯಲ್ಲಿ ಸಹಾಯಕ ಪೊಲಿಟಿಕಲ್ ಏಜೆಂಟ್ ಆಗಿದ್ದ. ಬ್ರಿಟಿಷರು ನೇಣಿಗೆ ಹಾಕಿದ ರಾಯಣ್ಣನ ಹಾಡನ್ನು ಬ್ರಿಟಿಷರ ಪೊಲಿಟಿಕಲ್ ಇಲಾಖೆಯವನೇ ಉಳಿಸಿಕೊಟ್ಟದ್ದು ನಮ್ಮ ಅದೃಷ್ಟ.

ಸ್ಟುವರ್ಟ್ ಮಿಟ್‌ಫರ್ಡ್ ಫ್ರೇಸರ್ ಇನ್ನೊಬ್ಬ. ಬೆಂಗಳೂರಿನ ಫ್ರೇಸರ್ ಟೌನ್ ಅವನ ಹೆಸರಿನದು. ಕಾಗಲ್‌ನ ಘಾಟಗೆ ಮನೆತನದಿಂದ ಕೊಲ್ಲಾಪುರಕ್ಕೆ ದತ್ತು ಹೋದ ಬಾಲಕ ಶಾಹು ಮಹಾರಾಜರಿಗೆ 1890ರಿಂದ 1894ರವರೆಗೆ ಧಾರವಾಡದಲ್ಲಿ ಪಾಠ ಹೇಳಿದವನು ಇವನೇ. ಆಮೇಲೆ ಮೈಸೂರಿಗೆ ಹೋಗಿ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಗುರುವಾದ. 1905ರಲ್ಲಿ ಟಿಬೆಟ್ ವಿಷಯ ಮಾತಾಡಲು ಚೀನಾದಿಂದ ತಾಂಗ್ ಶಾವೊಯಿ ಕಲಕತ್ತೆಗೆ ಬಂದಾಗ ಮೇಜಿನ ಈಚೆ ಭಾರತ ಸರಕಾರದ ಪರವಾಗಿ ಕೂತವನು ಫ್ರೇಸರ್. ಧಾರವಾಡದ ತರಗತಿಯಿಂದ ಟಿಬೆಟ್ಟಿನ ಮಾತುಕತೆಗೆ ಹೋಗಲು ಬೇರೆ ತರಬೇತಿ ಬೇಕು ಎಂದು ಆ ಸರಕಾರಕ್ಕೆ ಅನಿಸಲೇ ಇಲ್ಲ.

ಆದರೆ ನಾನು ಓದುಗರಿಗೆ ಮುಖ್ಯವಾಗಿ ತೋರಿಸಬೇಕೆಂದಿರುವುದು ಪರ್ಸಿ ಕಾಕ್ಸ್‌ನನ್ನು. 1889ರಲ್ಲಿ ಭಾರತೀಯ ಸ್ಟಾಫ್ ಕೋರಿಗೆ ಸೇರಿದ ಈ ಯುವಕ ಸಣ್ಣಪುಟ್ಟ ಆಡಳಿತದ ಹುದ್ದೆಗಳಲ್ಲಿ ದುಡಿದದ್ದು ಕೊಲ್ಲಾಪುರ ಮತ್ತು ಸಾವಂತವಾಡಿಗಳಲ್ಲಿ. ಅಲ್ಲಿಂದ ಅವನನ್ನು ಸೊಮಾಲಿಯಾ ಕರಾವಳಿಯ ಝೈಲಾ ಬಂದರಿಗೆ ಕಳಿಸಿದರು. ಆ ಕರಾವಳಿಯೂ ಆಗ ಭಾರತ ಸರಕಾರದ ಆಡಳಿತದಲ್ಲಿತ್ತು. 1899ರಲ್ಲಿ ಮಸ್ಕತ್‌ನ ಪೊಲಿಟಿಕಲ್ ಏಜೆಂಟ್ ಆದ, 1904ರಲ್ಲಿ ಬುಶೇರ್‌ಗೆ ಹೋಗಿ ಕೊಲ್ಲಿಯ ರೆಸಿಡೆಂಟ್ ಆದ. ಮೊದಲ ಮಹಾಯುದ್ಧದಲ್ಲಿ ಭಾರತದ ಸೈನ್ಯ ಬಸ್ರಾಕ್ಕೆ ಇಳಿದಾಗ ಮುಖ್ಯ ಪೊಲಿಟಿಕಲ್ ಅಧಿಕಾರಿಯಾಗಿ ಜೊತೆಗಿದ್ದ, 1920ರಲ್ಲಿ ಬಗ್ದಾದಿನಲ್ಲಿ ಹೈಕಮಿಷನರ್ ಆದ. 1922ರ ಕೊನೆಗೆ ಉಕೈರ್ ಎಂಬಲ್ಲಿ ನಜ್ದ್ ಸೀಮೆಯ ಅರಸ ಇಬ್ನ್ ಸೌದ್‌ನನ್ನು ಕೂರಿಸಿಕೊಂಡು ಇರಾಕ್, ಕುವೈತ್, ನಜ್ದ್‌ಗಳ ನಡುವೆ ಗಡಿ ಎಳೆದವನು ಈತ. ಆ ಗೆರೆಯ ಸುತ್ತ ನಂತರ ಎಷ್ಟು ರಕ್ತ ಹರಿಯಿತೆಂಬುದನ್ನು 1990ರಲ್ಲಿ ಇರಾಕ್ ಕುವೈತ್‌ಗೆ ನುಗ್ಗಿದಾಗ ಜಗತ್ತೇ ಕಂಡಿತು.

ಕೊಲ್ಲಿಯ ಶೇಖರನ್ನು ಬ್ರಿಟಿಷರು ನಡೆಸಿಕೊಂಡ ರೀತಿ ನೋಡಿದರೆ ನಮ್ಮ ಕಡೆಯ ಸಂಸ್ಥಾನಗಳ ನೆನಪಾಗುತ್ತದೆ. ಒಳಾಡಳಿತ ನಿಮ್ಮದು, ಹೊರಗಿನವರೊಡನೆ ಮಾತು ನಮ್ಮದು ಎಂಬ ಒಪ್ಪಂದ. ತೋಪಿನ ಎಣಿಕೆ, ದರಬಾರಿನ ಕುರ್ಚಿಯ ಸಾಲು, ಉಡುಗೊರೆಯ ಲೆಕ್ಕ ಎಲ್ಲ ಅದೇ. 1903ರ ನವೆಂಬರಿನಲ್ಲಿ ವೈಸರಾಯ್ ಕರ್ಜನ್ ಶಾರ್ಜಾದ ಎದುರು ಸಮುದ್ರದಲ್ಲಿ ಹಡಗಿನ ಮೇಲೆಯೇ ದರಬಾರು ನಡೆಸಿ ಅರಬ್ ಮುಖಂಡರಿಗೆ ಭಾಷಣ ಮಾಡಿದ. ಕೊಲ್ಲಾಪುರದಲ್ಲಿ ಅರಮನೆಯ ಚೌಕದಲ್ಲಿ ನಡೆಯುತ್ತಿದ್ದದ್ದು ಅಲ್ಲಿ ನೀರಿನ ಮೇಲೆ ನಡೆಯಿತು.

ಕಾಗದ ಬರೆದ ಕೈಗಳು

ಸಾಹೇಬರ ಹೆಸರುಗಳು ಇತಿಹಾಸದ ಪುಸ್ತಕಗಳಲ್ಲಿ ಇವೆ. ಆದರೆ ಆ ಕಚೇರಿಗಳಲ್ಲಿ ಬಿಳಿಯರ ಸಂಖ್ಯೆ ಬೆರಳೆಣಿಕೆಯಷ್ಟು. ಬುಶೇರ್ ರೆಸಿಡೆನ್ಸಿಯನ್ನು ನೋಡಿ: ರೆಸಿಡೆಂಟ್, ಅವನ ಒಬ್ಬಿಬ್ಬರು ಸಹಾಯಕರು, ಒಬ್ಬ ಡಾಕ್ಟರು. ಅದರ ಕೆಳಗೆ ಹೆಡ್ ಮುನ್ಷಿ, ಅವನ ಕೈಕೆಳಗಿನ ಮುನ್ಷಿಗಳು, ಹೆಡ್ ಕ್ಲರ್ಕ್, ಖಜಾನೆಯ ಗುಮಾಸ್ತ, ದುಭಾಷಿ, ಕಂಪೌಂಡರು, ಹಾಸಿಗೆ ಡೇರೆ ನೋಡಿಕೊಳ್ಳುವ ಫರಾಶರು, ಪತ್ರ ಒಯ್ಯುವ ಸವಾರರು, ಬಾಗಿಲಲ್ಲಿ ಭಾರತೀಯ ಸಿಪಾಯಿಗಳ ಪಹರೆ. ಬಹರೇನ್, ಶಾರ್ಜಾದಂಥ ಬಂದರುಗಳಲ್ಲಿ ಬಹುಕಾಲ ಬಿಳಿಯ ಅಧಿಕಾರಿಯೇ ಇರಲಿಲ್ಲ. ಅಲ್ಲಿ 'ನೇಟಿವ್ ಏಜೆಂಟ್' ಎಂದು ಒಬ್ಬ ಅರಬ್, ಪರ್ಷಿಯನ್ ಅಥವಾ ಭಾರತೀಯ ವರ್ತಕನನ್ನು ನೇಮಿಸುತ್ತಿದ್ದರು. ಅವನಿಗೆ ಸ್ವಂತ ಮನೆ ಇತ್ತು, ಹಡಗುಗಳಿದ್ದವು, ಊರಿನ ದೊಡ್ಡವರ ಜೊತೆ ಬಳಕೆ ಇತ್ತು. ಸರಕಾರ ಅಲ್ಪ ಸಂಬಳ ಕೊಟ್ಟು ಅದೆಲ್ಲವನ್ನೂ ಬಳಸಿಕೊಂಡಿತು. ಬಹರೇನ್‌ಗೆ ಬಿಳಿಯ ಅಧಿಕಾರಿ ಬಂದದ್ದು 1900ರಲ್ಲಿ. ಶಾರ್ಜಾದಲ್ಲಂತೂ ಈ ಏಜೆಂಟರ ಪದ್ಧತಿ 1940ರ ದಶಕದವರೆಗೂ ನಡೆಯಿತು.

ಒಂದು ಕಾಗದದ ಪಯಣ ನೋಡೋಣ. ಬಹರೇನ್‌ನ ಶೇಖ್ ಅರಬ್ಬಿಯಲ್ಲಿ ಒಂದು ದೂರು ಬರೆಸುತ್ತಾನೆ. ನೇಟಿವ್ ಏಜೆಂಟ್ ಅದಕ್ಕೆ ತನ್ನ ಅಭಿಪ್ರಾಯ ಸೇರಿಸಿ ಹಾಯಿಹಡಗಿನಲ್ಲಿ ಬುಶೇರ್‌ಗೆ ಕಳಿಸುತ್ತಾನೆ. ಹೆಡ್ ಮುನ್ಷಿ ಅದನ್ನು ಓದಿ, ಸಾರ ಹೇಳಿ, ಇಂಗ್ಲಿಷಿಗೆ ತರುತ್ತಾನೆ. ಗುಮಾಸ್ತ ರಿಜಿಸ್ಟರಿನಲ್ಲಿ ನಂಬರು ಕೊಟ್ಟು ಹಿಂದಿನ ಪತ್ರಗಳನ್ನು ಹುಡುಕಿ ಕಟ್ಟಿಗೆ ಸೇರಿಸುತ್ತಾನೆ. ರೆಸಿಡೆಂಟ್ ಎರಡು ಸಾಲು ಬರೆಯುತ್ತಾನೆ. ಆ ಎರಡು ಸಾಲು ಮತ್ತೆ ಮುನ್ಷಿಯ ಕೈಗೆ ಹೋಗಿ, ಶೇಖನ ಅಂತಸ್ತಿಗೆ ತಕ್ಕ ಬಿರುದು ಬಾವಲಿಗಳ ಜೊತೆ ಅರಬ್ಬಿಯ ಗೌರವದ ಪತ್ರವಾಗುತ್ತದೆ. ಮೂಲ ಇಂಗ್ಲಿಷ್ ಪ್ರತಿ ಮುಂಬಯಿಗೆ ಹೊರಡುತ್ತದೆ. 1862ರಿಂದ ಬ್ರಿಟಿಷ್ ಇಂಡಿಯಾ ಕಂಪನಿಯ ಉಗಿಹಡಗು ಸರಕಾರದ ಗುತ್ತಿಗೆಯ ಮೇಲೆ ಟಪಾಲು ಒಯ್ಯುತ್ತಿತ್ತು. 1864ರಲ್ಲಿ ಸಮುದ್ರದಡಿಯ ತಂತಿ ಬುಶೇರ್‌ಗೆ ಮುಟ್ಟಿತು, ಅದೇ ವರ್ಷ ಮಸ್ಕತ್‌ನಲ್ಲಿ ಭಾರತೀಯ ಅಂಚೆ ಕಚೇರಿ ತೆರೆಯಿತು. ಅಲ್ಲಿನ ಚಲಾವಣೆ ನಮ್ಮ ರೂಪಾಯಿ. ಆ ರೂಪಾಯಿ ಕೊಲ್ಲಿಯ ಅಂಗಡಿಗಳಲ್ಲಿ 1960ರ ದಶಕದವರೆಗೆ ಓಡಾಡಿತು.

ಕೊಲ್ಲಾಪುರ ಏಜೆನ್ಸಿಯಲ್ಲೂ ಇದೇ ಕ್ರಮ. ಅರಬ್ಬಿ, ಫಾರಸಿಯ ಬದಲು ಮೋಡಿ ಲಿಪಿಯ ಮರಾಠಿ, ಮುನ್ಷಿಯ ಬದಲು ದಫ್ತರದಾರ, ಕಾರಕೂನ. ಕನ್ನಡ ನೆಲದ ರೈತ ಕನ್ನಡದಲ್ಲಿ ಹೇಳಿದ ಗೋಳು ಮೋಡಿಯಲ್ಲಿ ಅರ್ಜಿಯಾಗಿ, ಇಂಗ್ಲಿಷಿನಲ್ಲಿ ಟಿಪ್ಪಣಿಯಾಗಿ ಏಜೆಂಟನ ಮುಂದೆ ಬರುವ ಹೊತ್ತಿಗೆ ಎರಡು ಕೈ ದಾಟಿರುತ್ತಿತ್ತು. ಈ ಸೀಮೆಗೆ ಸರಕಾರ ಇಟ್ಟ ಹೆಸರು 'ದಕ್ಷಿಣ ಮರಾಠಾ ಸೀಮೆ'. ಮುಧೋಳ, ಜಮಖಂಡಿ, ರಾಮದುರ್ಗಗಳ ಮನೆಮಾತು ಕನ್ನಡವೆಂಬುದನ್ನು ಆ ದಫ್ತರದ ಮೇಲ್ಹೊದಿಕೆಯಿಂದ ತಿಳಿಯುವಂತಿರಲಿಲ್ಲ. ಬೆಳಗಾವಿಯ ಗಡಿ ಜಗಳದ ಬೇರುಗಳನ್ನು ಹುಡುಕುವವರು ಆ ಏಜೆನ್ಸಿಯ ಭಾಷೆಯನ್ನೂ ಗಮನಿಸಬೇಕೆಂದು ನನಗೆ ಬಲವಾಗಿ ಅನಿಸುತ್ತದೆ.

ಏಡನ್ ಬಂದರಿಗೆ ಇನ್ನೊಂದು ಕರಾಳ ಉಪಯೋಗವೂ ಇತ್ತು. ಬ್ರಿಟಿಷರ ವಿರುದ್ಧ ಬಂಡೆದ್ದ ವಾಸುದೇವ ಬಳವಂತ ಫಡಕೆಯನ್ನು 1879ರ ಜುಲೈಯಲ್ಲಿ ಹಿಡಿದದ್ದು ಅಂದಿನ ಕಲಾದಗಿ ಜಿಲ್ಲೆಯ ದೇವರ ನಾವದಗಿಯಲ್ಲಿ. ಅವನನ್ನು ಏಡನ್ ಜೈಲಿಗೆ ಸಾಗಿಸಿದರು, 1883ರಲ್ಲಿ ಅಲ್ಲಿಯೇ ತೀರಿಕೊಂಡ. ನಮ್ಮ ಕಡೆ ಸೆರೆಸಿಕ್ಕ ಬಂಡಾಯಗಾರನನ್ನು ಇಡಲು ಮುಂಬಯಿ ಸರಕಾರಕ್ಕೆ ಸಮುದ್ರದಾಚೆ ತನ್ನದೇ ಸೆರೆಮನೆ ಇತ್ತು.

ಕಾಗಲ್‌ನ ಕಾರಕೂನನ ಮಗ

ಈ ಎಲ್ಲದರ ಖರ್ಚು ಯಾರದು? ಬಹುಪಾಲು ಭಾರತದ ಬೊಕ್ಕಸದ್ದು. ಗೋಕಾಕ, ಹುಕ್ಕೇರಿಯ ಜೋಳದ ಹೊಲದ ಕಂದಾಯವೂ ಸೇರಿದ ಬೊಕ್ಕಸ. ಇಂಗ್ಲೆಂಡಿನ ಹಿತಕ್ಕೆ ಪರ್ಷಿಯಾದಲ್ಲೋ ಏಡನ್‌ನಲ್ಲೋ ಇಟ್ಟ ಕಚೇರಿ ಸೈನ್ಯಗಳ ವೆಚ್ಚದಲ್ಲಿ ಭಾರತದ ಪಾಲೆಷ್ಟು, ಇಂಗ್ಲೆಂಡಿನ ಪಾಲೆಷ್ಟು ಎಂಬ ತಕರಾರು ದಾದಾಭಾಯಿ ನವರೋಜಿಯವರ ಕಾಲದಿಂದ ಬೆಳೆಯುತ್ತ ಬಂದು, ಕಡೆಗೆ 1895ರಲ್ಲಿ ವೆಲ್ಬಿ ಆಯೋಗ ನೇಮಕವಾಯಿತು. ದಾದಾಭಾಯಿ ಅದರ ಸದಸ್ಯರು. 1897ರಲ್ಲಿ ಸಾಕ್ಷ್ಯ ಹೇಳಲು ಲಂಡನ್ನಿಗೆ ಹೋದವರಲ್ಲಿ ಮೂವತ್ತೊಂದು ತುಂಬದ ಗೋಪಾಲ ಕೃಷ್ಣ ಗೋಖಲೆ ಒಬ್ಬರು.

ಗೋಖಲೆಯವರನ್ನು ನಾವು ಪುಣೆಯವರೆಂದು ಎಣಿಸುತ್ತೇವೆ. ಅವರು ಹುಟ್ಟಿದ್ದು ಕೊಂಕಣದಲ್ಲಿ, ಬೆಳೆದದ್ದು ನಿಪ್ಪಾಣಿ ದಾಟಿದರೆ ಸಿಗುವ ಕಾಗಲ್ ಮತ್ತು ಕೊಲ್ಲಾಪುರಗಳಲ್ಲಿ. ತಂದೆ ಕೃಷ್ಣರಾಯರು ಕಾಗಲ್ ಜಹಗೀರಿನಲ್ಲಿ ಗುಮಾಸ್ತರಾಗಿ ಸೇರಿ ಕೆಳಹಂತದ ಪೊಲೀಸ್ ಅಧಿಕಾರಿಯಾದವರು. 1879ರಲ್ಲಿ ಅವರು ತೀರಿಕೊಂಡಾಗ ಅಣ್ಣ ಗೋವಿಂದರಾಯರು ಓದು ಬಿಟ್ಟು ತಿಂಗಳಿಗೆ 15 ರೂಪಾಯಿಯ ನೌಕರಿ ಹಿಡಿದರು. ಅದರಲ್ಲಿ 8 ರೂಪಾಯಿಯನ್ನು ಕೊಲ್ಲಾಪುರದಲ್ಲಿ ಓದುತ್ತಿದ್ದ ತಮ್ಮನಿಗೆ ಕಳಿಸಿದರು. ಉಳಿದ 7 ರೂಪಾಯಿಯಲ್ಲಿ ಸಂಸಾರ ಸಾಗಬೇಕಿತ್ತು. ಆಗಿನ ಸಂಸ್ಥಾನದ ಕಾರಕೂನನ ಮನೆಯ ಲೆಕ್ಕವನ್ನು ಇದಕ್ಕಿಂತ ಹತ್ತಿರದಿಂದ ತೋರಿಸುವ ಅಂಕಿ ನನಗೆ ಬೇರೆ ಸಿಕ್ಕಿಲ್ಲ. ಅಂಥ ಮನೆಯಿಂದ ಹೋದವರು ಲಂಡನ್ನಿನಲ್ಲಿ ಕೂತು, ಮೇಲಿನ ಹುದ್ದೆಗಳೆಲ್ಲ ಬಿಳಿಯರ ಪಾಲಾಗುವುದರಿಂದ ಭಾರತಕ್ಕೆ ಆಗುವ ನಷ್ಟ ಹಣದ್ದು ಮಾತ್ರವಲ್ಲ, ಒಂದು ಜನಾಂಗದ ಎತ್ತರವೇ ಕುಗ್ಗಿಹೋಗುತ್ತದೆ ಎಂದು ವಾದಿಸಿದರು. ದಫ್ತರದ ಕೆಳಗಿನ ಮೆಟ್ಟಿಲನ್ನು ಬಾಲ್ಯದಲ್ಲೇ ಕಂಡವರ ಮಾತು ಅದು.

1912ರಲ್ಲಿ ಗೋಖಲೆ ದಕ್ಷಿಣ ಆಫ್ರಿಕಾಕ್ಕೆ ಹೋದರು. ಗಾಂಧಿ ಜೊತೆಯಲ್ಲಿ ಸುತ್ತಿದರು. ಆ ಪ್ರವಾಸದ ಫಲ ಹದಿನೈದು ವರ್ಷ ತಡವಾಗಿ ಬಂತು. 1927ರ ಕೇಪ್‌ಟೌನ್ ಒಪ್ಪಂದದಂತೆ ಅಲ್ಲಿ ಭಾರತ ಸರಕಾರದ ಒಬ್ಬ ಏಜೆಂಟ್ ಇರಬೇಕೆಂದಾಯಿತು. ಮೊದಲ ಏಜೆಂಟರಾಗಿ ಹೋದವರು ಗೋಖಲೆಯವರ ಉತ್ತರಾಧಿಕಾರಿ, ವಿ. ಎಸ್. ಶ್ರೀನಿವಾಸ ಶಾಸ್ತ್ರಿ. ಕಾರ್ಯದರ್ಶಿಯಾಗಿ ಐಸಿಎಸ್‌ನ ಜೆ. ಡಿ. ಟೈಸನ್, ಆಪ್ತ ಕಾರ್ಯದರ್ಶಿಯಾಗಿ ಪಿ. ಕೋದಂಡರಾವ್. ಮೇಲೆ ಭಾರತೀಯ, ಅವನ ಕೈಕೆಳಗೆ ಇಂಗ್ಲಿಷ್ ಅಧಿಕಾರಿ: ಬುಶೇರ್‌ನ ಕ್ರಮ ತಿರುಗುಮುರುಗಾದದ್ದು ಇಲ್ಲಿ. ಡರ್ಬನ್ನಿನಲ್ಲಿ ಭಾರತೀಯ ಮಕ್ಕಳಿಗಾಗಿ ಶಾಸ್ತ್ರಿ ಕಾಲೇಜು ಎದ್ದದ್ದು ಅವರ ಓಡಾಟದಿಂದ.

ಆ ಕುರ್ಚಿಗೆ 1938ರಲ್ಲಿ ಬಂದವರು ನಮ್ಮ ಬೆನೆಗಲ್ ರಾಮರಾವ್. ಉಡುಪಿಯ ಹತ್ತಿರದ ಬೆನೆಗಲ್ ಮೂಲದ ಚಿತ್ರಾಪುರ ಸಾರಸ್ವತ ಮನೆತನ, ಐಸಿಎಸ್ ಅಧಿಕಾರಿ, ಸಂವಿಧಾನ ರಚನೆಗೆ ನೆರವಾದ ಬಿ. ಎನ್. ರಾವ್ ಅವರ ಸೋದರ. ಅದಕ್ಕೂ ಮೊದಲು 1934ರಿಂದ 1938ರವರೆಗೆ ಲಂಡನ್ನಿನ ಇಂಡಿಯಾ ಹೌಸಿನಲ್ಲಿ ಡೆಪ್ಯುಟಿ ಹೈಕಮಿಷನರ್ ಆಗಿದ್ದರು. ಅವರ ಹೆಂಡತಿ ಧನ್ವಂತಿ ಕಾಶ್ಮೀರಿ ಮನೆತನದವರು, ಆದರೆ ಬೆಳೆದದ್ದು ನಮ್ಮ ಹುಬ್ಬಳ್ಳಿಯಲ್ಲಿ. ಮುಂದೆ 1949ರಲ್ಲಿ ಭಾರತದ ಕುಟುಂಬ ಯೋಜನಾ ಸಂಘ ಕಟ್ಟಿದವರು ಈ ಧನ್ವಂತಿ ರಾಮರಾವ್. ಮಗಳು ಸಾಂತಾ ಇಂಗ್ಲಿಷ್ ಲೇಖಕಿಯಾಗಿ ಹೆಸರು ಮಾಡಿದರು.

ರಾಮರಾವ್ ದಕ್ಷಿಣ ಆಫ್ರಿಕಾಕ್ಕೆ ಹೋದ ಮರುವರ್ಷವೇ, 1939ರಲ್ಲಿ, ಟ್ರಾನ್ಸ್‌ವಾಲ್‌ನ ಭಾರತೀಯರು ಹೊಸ ಜಾಗ ಹಿಡಿಯದಂತೆ, ಹೊಸ ವ್ಯಾಪಾರದ ಪರವಾನಗಿ ಪಡೆಯದಂತೆ ತಡೆಯುವ ಕಾಯ್ದೆ ಬಂತು. ತನ್ನದೇ ಸರಕಾರ ಬೇರೊಬ್ಬರ ಕೈಯಲ್ಲಿದ್ದಾಗ ರಾಯಭಾರಿ ಎಷ್ಟು ಗಟ್ಟಿಯಾಗಿ ಮಾತಾಡಬಲ್ಲ? ವಾದಿಸಬಹುದು, ಮನವಿ ಕೊಡಬಹುದು, ಕಟ್ಟಕಡೆಗೆ ತಡೆಯಲಾರ. 1941ರಲ್ಲಿ ಅವರ ಹುದ್ದೆಯನ್ನು ಹೈಕಮಿಷನರ್ ಮಟ್ಟಕ್ಕೆ ಏರಿಸಿದರು. ಹುದ್ದೆಯ ಹೆಸರು ಏರಿದರೂ ಕಾಯ್ದೆಗಳು ಇಳಿಯಲಿಲ್ಲ. 1946ರಲ್ಲಿ ಇನ್ನೂ ಕಠಿಣ ಕಾಯ್ದೆ ಬಂದಾಗ ಭಾರತ ತನ್ನ ಹೈಕಮಿಷನರನ್ನು ವಾಪಸು ಕರೆಸಿಕೊಂಡು, ವ್ಯಾಪಾರ ನಿಲ್ಲಿಸಿ, ವಿಷಯವನ್ನು ವಿಶ್ವಸಂಸ್ಥೆಗೆ ಒಯ್ದಿತು. ರಾಮರಾವ್ ಮಾತ್ರ ಸ್ವಾತಂತ್ರ್ಯದ ನಂತರ ಜಪಾನಿಗೆ, ಆಮೇಲೆ ಅಮೆರಿಕಕ್ಕೆ ಸ್ವತಂತ್ರ ದೇಶದ ಪ್ರತಿನಿಧಿಯಾಗಿ ಹೋದರು, 1949ರಿಂದ 1957ರವರೆಗೆ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದರು.

1948ರ ಮಾರ್ಚ್, 1948ರ ಏಪ್ರಿಲ್

ಭಾರತೀಯ ವಿದೇಶಾಂಗ ಸೇವೆ ಸ್ಥಾಪಿಸುವ ತೀರ್ಮಾನವಾದದ್ದು 1946ರ ಅಕ್ಟೋಬರ್ 9ರಂದು. ಹಳೆಯ ಪೊಲಿಟಿಕಲ್ ಸೇವೆಯಲ್ಲಿ ಭಾರತೀಯರನ್ನು ಸೇರಿಸಿಕೊಂಡದ್ದೇ ಕಡಿಮೆ, 1920ರ ದಶಕದಲ್ಲಿ ಒಳಗೆ ಹೋದ ಕೆ. ಪಿ. ಎಸ್. ಮೆನನ್ ಅಂಥ ಮೊದಲಿಗರಲ್ಲಿ ಒಬ್ಬರು. ಹೀಗಾಗಿ ಹೊಸ ದೇಶಕ್ಕೆ ರಾಯಭಾರಿಗಳನ್ನು ಐಸಿಎಸ್, ಸೈನ್ಯ, ಕಾಲೇಜು, ರಾಜಕೀಯ ಎಲ್ಲೆಡೆಯಿಂದ ಹೆಕ್ಕಿ ತರಬೇಕಾಯಿತು.

ನಮ್ಮ ಸುತ್ತಲ ದಖ್ಖನ್ ಸಂಸ್ಥಾನಗಳು 1948ರ ಮಾರ್ಚ್ 8ರಂದು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಮುಧೋಳ, ಜಮಖಂಡಿ, ರಾಮದುರ್ಗಗಳ ಗಡಿ ಅಳಿಸಿತು. ಕೊಲ್ಲಾಪುರ ಮರುವರ್ಷ ಬಂತು. ಮೂಡಲಗಿಯಿಂದ ಮಹಾಲಿಂಗಪುರಕ್ಕೆ ಹೋಗುವವನು ಇನ್ನು ಗಡಿ ದಾಟಬೇಕಿರಲಿಲ್ಲ. ಮಾರ್ಚ್ ಕಳೆದು ಏಪ್ರಿಲ್ ಬರುವಷ್ಟರಲ್ಲಿ ಕೊಲ್ಲಿಯ ರೆಸಿಡೆನ್ಸಿಯೂ ಕೈ ಬದಲಿಸಿತು. ದೆಹಲಿಯ ಹಿಡಿತದಿಂದ 1947ರಲ್ಲಿಯೇ ಅದನ್ನು ಲಂಡನ್ ತನ್ನತ್ತ ಎಳೆದುಕೊಂಡಿತ್ತು, 1948ರ ಏಪ್ರಿಲಿನಲ್ಲಿ ಬ್ರಿಟನ್ನಿನ ವಿದೇಶಾಂಗ ಇಲಾಖೆಗೆ ಒಪ್ಪಿಸಿತು. ಭಾರತದ ಕಂದಾಯದಿಂದ ಸಾಕಿದ, ಭಾರತದ ಗುಮಾಸ್ತರು ಕಟ್ಟಿದ ಆ ಇಡೀ ದಫ್ತರದಲ್ಲಿ ಸ್ವತಂತ್ರ ಭಾರತಕ್ಕೆ ಪಾಲು ಸಿಗಲಿಲ್ಲ. ಇದು ನನಗೆ ಇಂದಿಗೂ ನೋವಿನ ಸಂಗತಿ. ಸಂಸ್ಥಾನಗಳ ಕಡತಗಳು ನಮ್ಮ ಪಾಲಿಗೆ ಬಂದವು, ಸಮುದ್ರದಾಚೆಯವು ಲಂಡನ್ನಿಗೆ ಹೋದವು.

ಆ ಕಡತಗಳು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಕತಾರ್ ರಾಷ್ಟ್ರೀಯ ಗ್ರಂಥಾಲಯದ ಜೊತೆಗೂಡಿ ಲಕ್ಷಾಂತರ ಪುಟಗಳನ್ನು ಅಂತರ್ಜಾಲಕ್ಕೆ ಹಾಕಿದ್ದಾರೆ. ಕತಾರ್ ಒಂದು ಪುಟ್ಟ ದೇಶ, ತನ್ನ ಇತಿಹಾಸ ಈ ಕಾಗದಗಳಲ್ಲಿದೆ ಎಂದು ಅರಿತು ಹಣ ಸುರಿಯಿತು. ಅಲ್ಲಿ ಸಿಬ್ಬಂದಿ ಪಟ್ಟಿಗಳಿವೆ, ರಜೆಯ ಅರ್ಜಿಗಳಿವೆ, ಸಂಬಳ ಹೆಚ್ಚಿಸಿ ಎಂಬ ಮನವಿಗಳಿವೆ. ಕೊಲ್ಲಾಪುರ ಏಜೆನ್ಸಿಯ ಕಾಗದಗಳು ಮುಂಬಯಿ ಮತ್ತು ಕೊಲ್ಲಾಪುರದ ಪತ್ರಾಗಾರಗಳಲ್ಲಿ ಇವೆ, ಅವುಗಳಲ್ಲಿ ಹಲವು ಮೋಡಿಯಲ್ಲಿ. ಬೆಳಗಾವಿಯಲ್ಲಿ 2010ರಲ್ಲಿ ಒಂದು ವಿಶ್ವವಿದ್ಯಾಲಯ ಹುಟ್ಟಿದೆ, ಅದಕ್ಕೆ ಇಟ್ಟಿರುವುದು ಪೊಲಿಟಿಕಲ್ ಏಜೆಂಟನನ್ನು ಎದುರಿಸಿದ ರಾಣಿ ಚನ್ನಮ್ಮನ ಹೆಸರು. ಅಲ್ಲಿನ ಇತಿಹಾಸ ವಿಭಾಗದ ನಾಲ್ಕು ಜನ ವಿದ್ಯಾರ್ಥಿಗಳು ಮೋಡಿ ಕಲಿತು ಕೊಲ್ಲಾಪುರದಲ್ಲಿ ಕೂತರೆ, ಇನ್ನು ನಾಲ್ವರು ಕಂಪ್ಯೂಟರಿನ ಮುಂದೆ ಬುಶೇರ್, ಮಸ್ಕತ್‌ಗಳ ಪಟ್ಟಿ ಬಿಡಿಸುತ್ತ ಹೋದರೆ, 'ಹೆಡ್ ಕ್ಲರ್ಕ್', 'ಎರಡನೇ ಮುನ್ಷಿ', 'ಕಂಪೌಂಡರ್' ಎಂದಷ್ಟೇ ಉಳಿದಿರುವ ಜನರಿಗೆ ಊರು, ಮನೆತನಗಳ ಗುರುತು ಸಿಗುತ್ತ ಹೋಗುತ್ತದೆ. ಅಟ್ಟದ ಮೇಲಿನ ಹಳೆಯ ಪೆಟ್ಟಿಗೆಯಲ್ಲಿ ಏಡನ್ ಮುದ್ರೆಯ ಲಕೋಟೆಯೋ, ಮೋಡಿ ಅಕ್ಷರದ ಸನ್ನದೋ ಇಟ್ಟುಕೊಂಡ ಮನೆಗಳು ಗೋಕಾಕ, ಹುಕ್ಕೇರಿ ಕಡೆ ಇದ್ದರೆ ದಯವಿಟ್ಟು ಅದನ್ನು ರದ್ದಿಗೆ ಹಾಕಬೇಡಿ. ಒಂದು ಛಾಯಾಪ್ರತಿ ತೆಗೆದು ವಿಶ್ವವಿದ್ಯಾಲಯಕ್ಕೆ ಮುಟ್ಟಿಸಿ.